ಚಾಡಿ ಬರೆಯದ ಆಲ್ಬಿ ಟ್ರೆಂಗೋವ್

ಆಲ್ಬಿ ಟ್ರೆಂಗೋವ್ ತನ್ನ ಅರವತ್ತೆರಡು ವರ್ಷಗಳ ಬಾಳಿನಲ್ಲಿ ಯಾರೊಬ್ಬರ ಬಗೆಗೂ ಒಂದು ಕೆಟ್ಟ ಮಾತನ್ನು ಕಾಗದದ ಮೇಲೆ ಬರೆದವನಲ್ಲ. ಬಾಯಲ್ಲಿ ಆಡುವುದಕ್ಕೆ ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಕುರಿಯ ಹೊಟ್ಟೆಯ ಮೇಲೆ ಉಣ್ಣೆ ಕತ್ತರಿಸುವ ಯಂತ್ರವನ್ನು ಅಡ್ಡಾದಿಡ್ಡಿ ಓಡಿಸಿದವನಿಗೆ, "ನಿಮ್ಮಜ್ಜಿ ಹುಲ್ಲು ಕೊಯ್ಯೋದೇ ಇದಕ್ಕಿಂತ ನೇರ ಇರತ್ತೆ. ಅವಳು ಹೋಗಿ ಎಷ್ಟು ವರ್ಷ ಆಯ್ತು ಅಂದೆ?" ಎಂದು ಇಡೀ ಶೆಡ್ಡಿಗೆ ಕೇಳುವಂತೆ ಹೇಳುತ್ತಿದ್ದ. ಅದನ್ನೇ ಬರೆದುಕೊಡು ಎಂದರೆ ಮಾತ್ರ ಅವನ ಕೈ ನಿಂತುಬಿಡುತ್ತಿತ್ತು. ತಾರ್ಕೂನ ವೃತ್ತಿ ತರಬೇತಿ ಶಾಲೆಯ ಕುರಿಯ ಉಣ್ಣೆ ಕತ್ತರಿಸುವ, ಕಸುಬಿನವರ ಮಾತಿನಲ್ಲಿ ಕುರಿ ಕತ್ತರಿಸುವ, ವಿಭಾಗವು ಉಳಿಯುವುದೋ ಮುಚ್ಚುವುದೋ ಎಂಬುದು ಒಂದು ಚಳಿಗಾಲದಲ್ಲಿ ಆ ಕೈಯನ್ನೇ ಅವಲಂಬಿಸಿತು.

ಆ ಶಾಲೆಯ ದಾಖಲೆಗಳ ಹೊಣೆ ನನ್ನದು. ಆಲ್ಬಿ ಉಣ್ಣೆ ಕತ್ತರಿಸುತ್ತಿದ್ದ ಶೆಡ್ಡುಗಳಲ್ಲಿ ನಾನು ಹದಿನಾಲ್ಕನೆಯ ವಯಸ್ಸಿನಿಂದ ಉಣ್ಣೆ ಗುಡಿಸಿದವಳು. ನಲವತ್ತರ ನಂತರ ಸಂಜೆ ತರಗತಿಗಳಿಗೆ ಹೋಗಿ ಓದಿಕೊಂಡೆ. ಆದ್ದರಿಂದ ಶಾಲೆಯಲ್ಲಿ ನನ್ನನ್ನು ಮಿಸೆಸ್ ನೋಸ್ಕೆ ಎನ್ನದೆ ಇರ್ಮಾ ಎಂದು ಕರೆಯುವ ಸಲುಗೆ ಅವನೊಬ್ಬನಿಗೆ ಇತ್ತು. ಅದನ್ನು ನಾನು ಕೊಟ್ಟದ್ದಲ್ಲ, ಅವನೇ ಇಟ್ಟುಕೊಂಡದ್ದು.

ನೋಂದಾಯಿತ ಶಾಲೆಯವರು ಕಲಿಸಿದರಷ್ಟೇ ಸಾಲದು. ಕಲಿಸಿದ್ದೇವೆ, ಪರೀಕ್ಷಿಸಿದ್ದೇವೆ, ಪರೀಕ್ಷಿಸಿದವನು ಅದಕ್ಕೆ ಅರ್ಹನಾಗಿದ್ದ ಎಂಬುದನ್ನು ಕೇಳಿದ ದಿನ ತೋರಿಸಬೇಕು. ಇದು ನ್ಯಾಯವಾದ ನಿಯಮವೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆಲ್ಬಿಯೂ ಅದನ್ನು ವಿರೋಧಿಸಿದವನಲ್ಲ. ತರಬೇತುದಾರನ ಅರ್ಹತಾಪತ್ರ ಬೇಕೆಂದಾಗ ಒಂಬತ್ತು ತಿಂಗಳು ಮೇಜಿನ ಮುಂದೆ ಕುಳಿತು ಅದನ್ನು ಸಂಪಾದಿಸಿದ. ಕಸುಬಿನ ಕೈ ಇನ್ನೂ ಪಳಗಿದೆಯೆಂದು ಪ್ರತಿವರ್ಷ ಬರೆದುಕೊಡಬೇಕಿತ್ತು. ಅವನು ಹನ್ನೊಂದು ವರ್ಷವೂ ಆ ಹಾಳೆಯಲ್ಲಿ "ಕುರಿ ಕತ್ತರಿಸಿದೆ" ಎಂದು ಬರೆದ. ಹೆಚ್ಚಿನ ವಿವರ ಬೇಕೆಂದು ನಾನು ಹಿಂದಿರುಗಿಸಿದ ವರ್ಷ, "ಬಹಳ ಕುರಿ ಕತ್ತರಿಸಿದೆ" ಎಂದು ತಿದ್ದಿದ.

ತೊಡಕು ಇದ್ದದ್ದು ಕಲಿಯುವವರ ಪರೀಕ್ಷಾ ಹಾಳೆಯಲ್ಲಿ. ಅಲ್ಲಿ ಎರಡೇ ಫಲಿತಾಂಶಗಳುಂಟು: ಸಮರ್ಥ, ಇನ್ನೂ ಸಮರ್ಥರಲ್ಲ. ಪರೀಕ್ಷೆಗೆ ನಿಂತವನ ಕೆಲಸ ಸರಿಬಾರದಿದ್ದರೆ ಆಲ್ಬಿ ಏನನ್ನೂ ಬರೆಯುತ್ತಿರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಚಡ್ಡಿಯ ಹಿಂದಿನ ಜೇಬಿಗೆ ಸೇರಿಸಿ, "ಗುರುವಾರ ಬಾ" ಎನ್ನುತ್ತಿದ್ದ. ಗುರುವಾರವೂ ಆಗದಿದ್ದರೆ ಮುಂದಿನ ಗುರುವಾರ. ಒಬ್ಬ ಹುಡುಗ ಹನ್ನೆರಡು ಗುರುವಾರ ಬಂದದ್ದು ನನಗೆ ಗೊತ್ತು. ಕೊನೆಗೆ ಕೆಲಸ ಒಪ್ಪಿತವಾದ ದಿನ ಆ ಹಾಳೆ ಜೇಬಿನಿಂದ ಹೊರಬಂದು, ಅಂದಿನ ತಾರೀಕು ಹೊತ್ತು, "ಸಮರ್ಥ" ಎಂಬ ಗುರುತಿನೊಂದಿಗೆ, ಉಣ್ಣೆಯ ಜಿಡ್ಡಿನ ವಾಸನೆಯೊಂದಿಗೆ ನನ್ನ ಮೇಜಿಗೆ ಬರುತ್ತಿತ್ತು.

ಹೀಗಾಗಿ ಆ ವರ್ಷದ ಮೇ ತಿಂಗಳಲ್ಲಿ ಅಡಿಲೇಡಿನಿಂದ ನೋಂದಣಿ ಕಚೇರಿಯ ಪತ್ರ ಬಂತು. ಹನ್ನೊಂದು ವರ್ಷಗಳಲ್ಲಿ ಇನ್ನೂರ ಹನ್ನೆರಡು ಮಂದಿ ಪರೀಕ್ಷೆಗೆ ನಿಂತು, ಇನ್ನೂರ ಹನ್ನೆರಡು ಮಂದಿಯೂ ಮೊದಲ ಸಲಕ್ಕೇ ಸಮರ್ಥರಾಗಿರುವುದು ನಂಬಲು ಕಷ್ಟವೆಂದೂ, ಪರೀಕ್ಷಕರು ವ್ಯತಿರಿಕ್ತ ತೀರ್ಮಾನ ಕೊಡಬಲ್ಲರೆಂಬುದಕ್ಕೆ ಪುರಾವೆಯಿಲ್ಲವೆಂದೂ, ಆಗಸ್ಟ್ ಹದಿನಾಲ್ಕರಂದು ಅಧಿಕಾರಿಯೊಬ್ಬರು ಬಂದು ಆಲ್ಬಿ ಪರೀಕ್ಷೆ ನಡೆಸುವುದನ್ನು ಕಣ್ಣಾರೆ ನೋಡುವರೆಂದೂ ಅದರಲ್ಲಿತ್ತು. ತೃಪ್ತಿಯಾಗದಿದ್ದರೆ ಕುರಿ ಕತ್ತರಿಸುವ ಶಿಕ್ಷಣವನ್ನು ನಮ್ಮ ನೋಂದಣಿಯಿಂದ ತೆಗೆದುಹಾಕಲಾಗುವುದು. ಶಾಲೆ ಮುಚ್ಚುತ್ತಿರಲಿಲ್ಲ; ವೃದ್ಧರ ಆರೈಕೆ, ಕೀಟನಾಶಕದ ಬಳಕೆ ಇತ್ಯಾದಿ ಉಳಿಯುತ್ತಿದ್ದವು. ಆಲ್ಬಿ ಉಳಿಯುತ್ತಿರಲಿಲ್ಲ.

ಪತ್ರವನ್ನು ಶೆಡ್ಡಿಗೆ ಒಯ್ದು ಅವನಿಗೆ ಓದಿ ಹೇಳಿದೆ. ಅವನು ಯಂತ್ರದ ತುದಿಯ ಹಲ್ಲುಪಟ್ಟಿಯನ್ನು, ಅಂದರೆ ಬಾಚಣಿಗೆಯನ್ನು, ಮಸೆಯುತ್ತಿದ್ದವನು ಕೈ ನಿಲ್ಲಿಸಲಿಲ್ಲ.

"ಸುಳ್ಳು ಬರ್ದಿದೀನಿ ಅಂತಾನಾ ಆಯಪ್ಪ?"

"ಆಯಪ್ಪ ಅಲ್ಲ, ಕಚೇರಿ. ಸುಳ್ಳು ಅಂದಿಲ್ಲ. ನಂಬೋಕೆ ಕಷ್ಟ ಅಂದಿದೆ."

"ಯಾರಾದ್ರೂ ಒಬ್ಬ ನನ್ನ ಹತ್ರ ಕಲ್ತು ಹೋಗಿ ಕುರಿ ಕುಯ್ದುಹಾಕಿದಾನಾ?"

"ಇಲ್ಲ. ಅದು ಪ್ರಶ್ನೆ ಅಲ್ಲ ಆಲ್ಬಿ. ಆಗ್ದೇ ಇದ್ದಾಗ ಆಗಿಲ್ಲ ಅಂತ ಬರೀಬೇಕು. ಹನ್ನೊಂದು ವರ್ಷದಿಂದ ಬಡ್ಕೋತಿದೀನಿ."

"ಹೆಸರು ಹಾಕಿ?"

"ಹೆಸರು ಹಾಕ್ದೆ ಮತ್ತೇನು ಕುರಿ ಕಿವಿ ನಂಬರ್ ಹಾಕ್ತೀಯಾ?"

"ಅದು ಚಾಡಿ, ಇರ್ಮಾ," ಎಂದ. "ಚಾಡಿ ಬರೆಯೋಕೆ ನನಗೆ ಬರಲ್ಲ."

ಈ ಸೀಮೆಯಲ್ಲಿ ಕಳ್ಳನಿಗೆ ಕ್ಷಮೆಯುಂಟು, ಕುಡುಕನಿಗೆ ಉಂಟು, ಚಾಡಿಕೋರನಿಗೆ ಇಲ್ಲ. ಐದು ವರ್ಷದ ಮಕ್ಕಳೂ ಶಾಲೆಯಲ್ಲಿ ಮೊದಲು ಕಲಿಯುವುದು ಅದನ್ನೇ. ಆದರೆ ಆಲ್ಬಿಗೆ ಅದು ಎಲ್ಲರಿಗಿಂತ ಹೆಚ್ಚಾಗಿ ಅಂಟಿಕೊಂಡಿದ್ದುದಕ್ಕೆ ಕಾರಣವಿತ್ತು, ಮತ್ತು ಆ ಕಾರಣವನ್ನು ತಿಳಿದವರಲ್ಲಿ ಉಳಿದಿರುವವಳು ನಾನೊಬ್ಬಳೇ. ನಾವು ಚಿಕ್ಕವರಾಗಿದ್ದಾಗ ಉತ್ತರದ ದೊಡ್ಡ ಶೆಡ್ಡೊಂದರ ಮೇಲ್ವಿಚಾರಕನ ಹತ್ತಿರ ಒಂದು ಕಪ್ಪು ಪುಸ್ತಕವಿತ್ತು. ಯಾರ ಕೆಲಸ ಒರಟೋ ಅವರ ಹೆಸರನ್ನು ಅವನು ಅದರಲ್ಲಿ ಬರೆದು, ಮುಂದಿನ ಶೆಡ್ಡಿನವರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದ. ಆಲ್ಬಿಯ ಅಣ್ಣ ಕ್ಲೆಮ್, ಜ್ವರದಲ್ಲಿ ಕೆಲಸ ಮಾಡಿದ ಒಂದು ವಾರದ ತಪ್ಪಿಗೆ, ಆ ಪುಸ್ತಕ ಸೇರಿದ. ಆಮೇಲೆ ಅವನು ಯಾವ ಶೆಡ್ಡಿಗೆ ಹೋದರೂ ಜಾಗ ಭರ್ತಿಯಾಗಿರುತ್ತಿತ್ತು. ಬಂದರಿನಲ್ಲಿ ಮೂಟೆ ಹೊರಲು ಹೋದವನು ಊರಿಗೆ ಹಿಂದಿರುಗಲಿಲ್ಲ. ಕ್ಲೆಮ್‌ನ ಮುಖಕ್ಕೆ ಯಾರೂ ಏನನ್ನೂ ಹೇಳಿರಲಿಲ್ಲ.

ಇದು ಗೊತ್ತಿದ್ದೂ ನಾನು ಆಲ್ಬಿಗೆ ವಿನಾಯಿತಿ ಕೊಡಲಿಲ್ಲ. ದುಃಖವು ದಾಖಲೆಯಲ್ಲ.

"ಆಗಸ್ಟ್ ಹದಿನಾಲ್ಕನೇ ತಾರೀಕು ನಿನ್ನ ಹತ್ರ ಕಲೀತಿರೋ ಆರು ಜನದಲ್ಲಿ ಬ್ರಾನ್ವಿನ್ ಟಿಲ್ಲಿ, ಡೀನ್ ಇಬ್ಬರಿಗೂ ಪರೀಕ್ಷೆ," ಎಂದೆ. "ಕಂಡಿದ್ದನ್ನ ಬರೀ. ಇಲ್ಲದಿದ್ರೆ ಹದಿನೈದನೇ ತಾರೀಕಿಂದ ಮನೇಲಿ ನಿನ್ನ ಹೆಂಡತಿ ಗ್ಲೆನಿಸ್‌ಗೆ ಆಲೂಗೆಡ್ಡೆ ಸುಲಿದುಕೊಡು."

"ನಾನು ಸುಲಿಯೋದನ್ನ ಅವಳು ಒಪ್ಪಲ್ಲ," ಎಂದ. "ಸಿಪ್ಪೆ ಜೊತೆ ಗೆಡ್ಡೆನೂ ಹೋಗತ್ತೆ ಅಂತಾಳೆ. ಆದ್ರೆ ನೋಡು, ಬರೆದಿಡಲ್ಲ."

ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ಏಳಕ್ಕೆ ನಾನು ಜ್ವಾರ್ ಎಂಬವನ ಜಮೀನಿನ ಶೆಡ್ಡಿಗೆ ಹೋದೆ. ವಿಲ್ಫ್ರೆಡ್ ಜ್ವಾರ್ ನಮ್ಮ ಶಾಲೆಗೆ ಪ್ರತಿವರ್ಷ ತನ್ನ ಕುರಿಗಳನ್ನು ಬಿಟ್ಟುಕೊಡುವ ರೈತ. ಆ ಉಪಕಾರವನ್ನು ಪ್ರತಿವರ್ಷ ನೆನಪಿಸುವವನೂ ಹೌದು. ಹಿಂದಿನ ಸಂಜೆ ಎಂಬತ್ತು ಕುರಿಗಳನ್ನು ಸೂರಿನಡಿಗೆ ಸೇರಿಸಿದ್ದ. ಆದರೆ ನಮ್ಮ ಕಡೆ ಆಗಸ್ಟ್ ಚಳಿಗಾಲ; ಬೆಳಗಿನ ಮಂಜು ಗೋಡೆಯ ಸಂದುಗಳಿಂದ ಒಳಗೆ ಬಂದು ಅವುಗಳ ಬೆನ್ನ ಮೇಲೆ ಕುಳಿತಿತ್ತು.

ಕುರಿ ಒದ್ದೆಯಿದ್ದರೆ ಕತ್ತರಿಸುವಂತಿಲ್ಲ. ಒದ್ದೆ ಉಣ್ಣೆಯನ್ನು ತಬ್ಬಿಕೊಂಡು ದಿನವಿಡೀ ದುಡಿದವನಿಗೆ ಕೀಲು ಹಿಡಿಯುತ್ತದೆ, ತೋಳಿನ ತುಂಬ ಕುರು ಏಳುತ್ತದೆ. ಆದರೆ ಒದ್ದೆಯೋ ಒಣಗಿದೆಯೋ ಎಂದು ತೀರ್ಮಾನಿಸುವವರು ಕುರಿಯ ಒಡೆಯರಲ್ಲ, ಶಾಲೆಯವರಲ್ಲ. ಕತ್ತರಿಸುವವರು ಒಬ್ಬೊಬ್ಬರು ಎರಡೆರಡು ಕುರಿ ಕತ್ತರಿಸಿ ನೋಡಿ, ಹೆಸರಿಲ್ಲದ ಚೀಟಿಯಲ್ಲಿ ತಮ್ಮ ತಮ್ಮ ಮತ ಬರೆದು ಹಾಕುತ್ತಾರೆ. ಹೆಚ್ಚು ಮತ ಯಾವುದಕ್ಕೋ ಅದೇ ಸತ್ಯ. ಯಾರು ಯಾವುದನ್ನು ಬರೆದರೆಂದು ಕೇಳುವುದಿಲ್ಲ. ಈ ಪದ್ಧತಿಯನ್ನು ಆಲ್ಬಿ ಯಂತ್ರ ಹಿಡಿಯುವುದನ್ನು ಕಲಿಸುವ ಮೊದಲೇ ಕಲಿಸುತ್ತಿದ್ದ.

"ಆಲ್ಬಿ, ಇವತ್ತು ಕುರಿ ಒಣಗಿರಬೇಕು," ಎಂದೆ.

"ನನಗೇನು ಹೇಳ್ತೀಯ, ಕುರಿಗೆ ಹೇಳು."

"ಮೂರು ಗಂಟೆ ಕಾರು ಓಡಿಸ್ಕೊಂಡು ಬರ್ತಿದಾರೆ ಅವರು. ಪರೀಕ್ಷೆ ನಡೀದಿದ್ರೆ, ನೋಡಲಿಲ್ಲ ಅಂತ ಬರ್ಕೊಂಡು ಹೋಗ್ತಾರೆ. ನೋಡಲಿಲ್ಲ ಅಂದ್ರೆ ನೀನಿಲ್ಲ."

"ಗೊತ್ತು," ಎಂದ. ಬೆನ್ನಿಗೆ ಪಟ್ಟಿ ಬಿಗಿದುಕೊಂಡ.

ಅಧಿಕಾರಿ ಏಳೂಕಾಲಿಗೆ ಬಂದರು. ಹೆಸರು ಲಾನ್ ಹ್ವಿನ್. ಐವತ್ತರ ಆಸುಪಾಸಿನ, ಗಿಡ್ಡನೆಯ, ಕೂದಲನ್ನು ಒಂದೆಳೆಯೂ ಆಚೀಚೆಯಾಗದಂತೆ ಕತ್ತರಿಸಿಕೊಂಡ ಹೆಂಗಸು. ಈ ಕೆಲಸಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಕೇಶಾಲಂಕಾರ ಕಲಿಸುತ್ತಿದ್ದೆ ಎಂದು ಅವರೇ ಹೇಳಿದರು. ಅದನ್ನು ಕೇಳಿ ಜ್ವಾರ್ ನಕ್ಕ. ಅವರು ನಗಲಿಲ್ಲ. ಆಲ್ಬಿಯ ಯಂತ್ರದ ಬಾಚಣಿಗೆಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಹಲ್ಲುಗಳನ್ನು ಸವರಿ, "ಒಳಗಿಂದ ಹೊರಗೆ ಮಸೀತೀರಾ?" ಎಂದು ಕೇಳಿದರು. ಆಲ್ಬಿ ಅವರನ್ನು ಮೊದಲ ಸಲ ಸರಿಯಾಗಿ ನೋಡಿದ. ನನಗೆ ಆಗಲೇ ತಿಳಿಯಿತು: ಈಕೆಯ ಮುಂದೆ ಕೆಟ್ಟ ಕೆಲಸವನ್ನು ಒಳ್ಳೆಯದೆಂದು ಬರೆಯುವಂತಿಲ್ಲ.

ಏಳೂವರೆಗೆ ಗಂಟೆ ಬಾರಿಸಿತು. ಆರು ಮಂದಿ ಕಲಿಯುವವರೂ, ಮಾದರಿ ತೋರಿಸುವುದಕ್ಕಾಗಿ ಆಲ್ಬಿಯೂ, ಎರಡೆರಡು ಕುರಿ ಕತ್ತರಿಸಿದರು. ಆಲ್ಬಿಯ ಕುರಿ ಅವನ ಮೊಣಕಾಲುಗಳ ನಡುವೆ ಮುದುಕನೊಬ್ಬ ಕ್ಷೌರದ ಕುರ್ಚಿಯಲ್ಲಿ ಒರಗಿದಂತೆ ಒರಗಿತು. ತುಪ್ಪಟವು ಒಂದೇ ಕಂಬಳಿಯಾಗಿ ಕೆಳಗಿಳಿಯಿತು. ಡೀನ್‌ನ ಕೆಲಸ ನಿಧಾನ, ಆದರೆ ಶುದ್ಧ. ಬ್ರಾನ್ವಿನ್ ಟಿಲ್ಲಿಯದು ಹಾಗಾಗಲಿಲ್ಲ. ಅವಳಿಗೆ ಮೂವತ್ತನಾಲ್ಕು, ಊರಿನ ಬೇಕರಿಯಲ್ಲಿ ಹದಿನಾರು ವರ್ಷ ಹಿಟ್ಟು ನಾದಿ ಬಿಟ್ಟು ಬಂದವಳು. ಕೈಯಲ್ಲಿ ಬಲವಿತ್ತು, ಕಾಲು ಇನ್ನೂ ಕಲಿತಿರಲಿಲ್ಲ. ಮೊದಲನೆಯದು ಪರವಾಗಿಲ್ಲ ಎನ್ನುವಂತಿತ್ತು. ಎರಡನೆಯ ಕುರಿ ಒದೆದು ತಿರುಗಿತು. ಯಂತ್ರ ಹೋದ ದಾರಿಯಲ್ಲೇ ಮತ್ತೆ ಹೋಯಿತು. ಬೆಲೆಯಿಲ್ಲದ ತುಂಡು ಉಣ್ಣೆ ಹಲಗೆಯ ಮೇಲೆ ಉದುರಿತು. ಪಕ್ಕೆಯಲ್ಲಿ ಒಂದಂಗುಲ ಗಾಯವಾಯಿತು. ಮಿಸ್ ಹ್ವಿನ್ ಎರಡು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ನೋಡಿದರು.

ಆಮೇಲೆ ಆಲ್ಬಿ ಯಂತ್ರ ನಿಲ್ಲಿಸಿ ಹೇಳಿದ: "ಚೀಟಿ."

ಜ್ವಾರ್ ಕೆಂಪಾದ. "ಚೀಟಿ ಯಾತಕ್ಕೋ ಆಲ್ಬಿ? ರಾತ್ರಿಯೆಲ್ಲ ಸೂರಿನ ಕೆಳಗೆ ಇದ್ದಾವೆ! ನನ್ನ ಕುರಿ ನನಗೆ ಗೊತ್ತಿಲ್ವಾ?"

"ನಿನ್ನ ಕುರಿ ನಿನಗೆ ಗೊತ್ತು ವಿಲ್ಫ್. ನಮ್ಮ ಮೈ ನಮಗೆ ಗೊತ್ತು."

"ಬಿಸ್ಕತ್ತಿನ ಹಾಗೆ ಒಣಗಿದಾವೆ ಅಂತ ಹೇಳ್ತಿದೀನಿ. ಮುಟ್ಟಿ ನೋಡಿ, ಮೇಡಂ, ನೀವೇ ಮುಟ್ಟಿ ನೋಡಿ!"

ಮಿಸ್ ಹ್ವಿನ್ ಒಂದು ಕುರಿಯ ಉಣ್ಣೆಯನ್ನು ಎರಡು ಬೆರಳಿನಿಂದ ಬಿಡಿಸಿ, ಬುಡದವರೆಗೆ ನೋಡಿದರು. "ನನಗೆ ಮತ ಇದೆಯಾ?" ಎಂದು ಕೇಳಿದರು.

"ಇಲ್ಲ," ಎಂದ ಆಲ್ಬಿ.

"ಹಾಗಾದ್ರೆ ನಾನು ಏನೂ ಹೇಳಲ್ಲ," ಎಂದು ಬೆರಳನ್ನು ಕರವಸ್ತ್ರದಿಂದ ಒರೆಸಿಕೊಂಡರು. ಕರವಸ್ತ್ರದ ಮೇಲೆ ತೇವದ ಗುರುತು ಕಂಡಿತು. ಜ್ವಾರ್ ಅತ್ತ ನೋಡಲಿಲ್ಲ.

ಚೀಟಿಗಳನ್ನು ಹರಿದುಕೊಟ್ಟವಳು ನಾನು. ಏಳು ಮಂದಿ ಏಳು ಕಡೆ ತಿರುಗಿ ಬರೆದು, ಆಲ್ಬಿಯ ಟೋಪಿಯಲ್ಲಿ ಹಾಕಿದರು. ಶೆಡ್ಡಿನವರ ಪ್ರತಿನಿಧಿಯಾಗಿ ಬ್ರಾನ್ವಿನ್ ಎಣಿಸಬೇಕು, ಮತವಿಲ್ಲದ ಒಬ್ಬರು ಸಾಕ್ಷಿಯಾಗಿ ನಿಲ್ಲಬೇಕು, ನಾನು ನಿಂತೆ. ಆರು ಮಂದಿಗೂ ಆಲ್ಬಿಯ ಪರಿಸ್ಥಿತಿ ಗೊತ್ತಿತ್ತು. ಒಣ, ಒದ್ದೆ, ಒದ್ದೆ, ಒಣ, ಒಣ. ಆರನೆಯದು ಒದ್ದೆ. ಏಳನೆಯ ಚೀಟಿಯನ್ನು ಬ್ರಾನ್ವಿನ್ ಬಿಡಿಸಿದಾಗ ಅದರಲ್ಲಿದ್ದ ಕೈಬರಹವು ನನಗೆ ಹನ್ನೊಂದು ವರ್ಷಗಳಿಂದ ಪರಿಚಿತವಾದದ್ದಾಗಿತ್ತು. ಅದರಲ್ಲಿ "ಒದ್ದೆ" ಎಂದಿತ್ತು. ಇದಕ್ಕಿಂತ ಹೆಚ್ಚಿಗೆ ಹೇಳುವುದು ಗುಪ್ತ ಮತದಾನದ ನಿಯಮಕ್ಕೆ ವಿರುದ್ಧ.

"ನಾಲ್ಕು ಒದ್ದೆ, ಮೂರು ಒಣ," ಎಂದಳು ಬ್ರಾನ್ವಿನ್. ಅವಳ ದನಿ ಇಳಿದಿತ್ತು. "ಆಲ್ಬಿ, ಬೇಜಾರು ಮಾಡ್ಕೋಬೇಡ."

"ನನಗ್ಯಾಕೆ ಬೇಜಾರು? ಒದ್ದೆ ಅಂದ್ರೆ ಒದ್ದೆ. ಚಹಾ ಕಾಸಿ."

"ಹುಚ್ಚಾಸ್ಪತ್ರೆ!" ಎಂದು ಜ್ವಾರ್ ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದ. ಎರಡು ನಿಮಿಷ ಬಿಟ್ಟು ಹಿಂದಿರುಗಿದ, ಏಕೆಂದರೆ ಚಹಾದ ಜೊತೆಗಿನ ಕೇಕನ್ನು ತಂದವಳು ಅವನ ಹೆಂಡತಿ.

ನಾನು ಮಿಸ್ ಹ್ವಿನ್ ಅವರ ಹತ್ತಿರ ಹೋಗಿ, ಇನ್ನೊಂದು ದಿನ ಕೊಡಲು ಸಾಧ್ಯವೇ ಎಂದು ಕೇಳಿದೆ. ನಾನು ಸುಲಭವಾಗಿ ಬೇಡುವವಳಲ್ಲ.

"ಇಲ್ಲ ಮಿಸೆಸ್ ನೋಸ್ಕೆ. ಪತ್ರದಲ್ಲಿ ಇವತ್ತಿನ ತಾರೀಕೇ ಇರೋದು. ಇವತ್ತು ಏನು ನೋಡಿದೆ ಅನ್ನೋದನ್ನ ಮಾತ್ರ ನಾನು ಬರೀಬಹುದು."

ಆ ಏಳನೆಯ ಚೀಟಿ ಯಾರದೆಂದು ಒಂದು ಮಾತು ಹೇಳಿದ್ದರೆ, ಈ ಮನುಷ್ಯ ತನಗೆ ನಷ್ಟವಾಗುವ ತೀರ್ಮಾನವನ್ನೂ ಕೊಡಬಲ್ಲನೆಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ನಾನು ಹೇಳಲಿಲ್ಲ. ಪುರಾವೆಯನ್ನು ಸಂಗ್ರಹಿಸುವುದಕ್ಕೂ ನಿಯಮವುಂಟು.

ಮಿಸ್ ಹ್ವಿನ್ ಚಹಾವನ್ನು ಎರಡು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು. "ನಿಮ್ಮ ಪರೀಕ್ಷೆಗೆ ಕನಿಷ್ಠ ಎಷ್ಟು ಕುರಿ ಬೇಕು?"

"ಎರಡು," ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಚೀಲದಿಂದ ಪರೀಕ್ಷೆಯ ನಿಯಮವಿದ್ದ ಪುಟವನ್ನು ತೆಗೆದು ಅವರ ಮುಂದೆ ಹಿಡಿದೆ.

"ಎರಡೆರಡು ಕತ್ತರಿಸಿದಾರಲ್ಲ," ಎಂದರು. "ಮಿಸ್ಟರ್ ಟ್ರೆಂಗೋವ್, ನೀವೂ ನೋಡಿದೀರಿ, ನಾನೂ ನೋಡಿದೀನಿ. ಬರೀರಿ."

ಆಲ್ಬಿ ಉಣ್ಣೆ ವಿಂಗಡಿಸುವ ಮೇಜಿನ ಮುಂದೆ ಕುಳಿತ. ಡೀನ್‌ನ ಹಾಳೆ ಎರಡು ನಿಮಿಷಗಳಲ್ಲಿ ಮುಗಿಯಿತು: ಸಮರ್ಥ. ಬ್ರಾನ್ವಿನ್‌ಳ ಹಾಳೆಯಲ್ಲಿ ಹೆಸರನ್ನು ಬರೆದ, ತಾರೀಕನ್ನು ಬರೆದ, ಮುಂದೆ ಪೆನ್ನು ಓಡಲಿಲ್ಲ. ಅವನ ಎಡಗೈ ತಾನಾಗಿಯೇ ಹಾಳೆಯನ್ನು ಮಡಿಸತೊಡಗಿತು. ಒಂದು ಮಡಿಕೆಯಾಯಿತು. ಮಿಸ್ ಹ್ವಿನ್ ಆ ಮಡಿಕೆಯನ್ನು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಮಾತಾಡಲು ನನಗೆ ಅಧಿಕಾರವಿರಲಿಲ್ಲ. ಪರೀಕ್ಷಕನ ತೀರ್ಮಾನದಲ್ಲಿ ಕಚೇರಿಯವರು ಕೈಹಾಕಬಾರದೆಂಬ ಸೂಚನೆಯನ್ನು ಬರೆದವಳು ನಾನೇ.

ಆರು ನಿಮಿಷ ಹೋಯಿತು. ಕುರಿಯ ಗಾಯಕ್ಕೆ ಹೊಲಿಗೆ ಹಾಕಿ ಮುಗಿಸಿದ ಬ್ರಾನ್ವಿನ್, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದು ಅವನ ಹೆಗಲ ಮೇಲಿಂದ ಬಗ್ಗಿದಳು.

"ನಂದಾ ಅದು? ಏನು ಬರೀತಿದೀಯ?"

"ಇನ್ನೂ ಏನೂ ಇಲ್ಲ."

"ಏನು ಬರೀಬೇಕು ಅಂತಿದೀಯ, ಹೇಳು. ನನ್ನ ಹೆಸರಿದೆ, ನನಗೆ ಕೇಳೋ ಹಕ್ಕಿಲ್ವಾ?"

ಆಲ್ಬಿ ತಲೆಯೆತ್ತಿ ಅವಳನ್ನು ನೋಡಿದ.

"ಕೂತ್ಕೋ," ಎಂದ. ಅವಳು ಉಣ್ಣೆ ಮೂಟೆಯ ಮೇಲೆ ಕುಳಿತಳು. ಅವನು ಮಡಿಕೆಯನ್ನು ಅಂಗೈಯಿಂದ ಉಜ್ಜಿ ಸಪಾಟು ಮಾಡಿದ. "ಎರಡನೇ ಕುರಿ. ಒಂದೇ ಜಾಗದಲ್ಲಿ ಎರಡೆರಡು ಸಲ ಯಂತ್ರ ಓಡಿಸಿದೆ. ಎಷ್ಟು ಸಲ ಆಯ್ತು ಹಾಗೆ?"

"ನಾಲ್ಕು."

"ಐದು."

"ಐದನೇದು ಕುರಿ ಒದ್ದಿದ್ದಕ್ಕೆ ಆಗಿದ್ದು. ಅದು ಲೆಕ್ಕಕ್ಕಿಲ್ಲ."

"ಕುರಿ ಯಾಕೆ ಒದೀತು?"

"ಕುರಿ ಅಲ್ವಾ, ಒದೀತು."

"ಬ್ರಾನ್."

"ನನ್ನ ಎಡ ಮಂಡಿ ಜಾಗದಲ್ಲಿ ಇರಲಿಲ್ಲ," ಎಂದಳು.

"ಅದನ್ನ ಬರೀತೀನಿ."

"ಬರಿ. ಐದು ಅಂತಾನೂ ಬರಿ, ಹಾಳಾಗಿ ಹೋಗ್ಲಿ. ಗಾಯ ಮಾತ್ರ ಒಂದಂಗುಲ ಅಂತಾನೇ ಹಾಕು, ದೊಡ್ಡದು ಅಂತ ಹಾಕ್ಬೇಡ. ನಮ್ಮಮ್ಮ ಎಲ್ಲಾ ಕಾಗದಾನೂ ಓದ್ತಾಳೆ."

ಅವನು ಬರೆದ. ಬರೆಯುತ್ತ ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿದ. ಫಲಿತಾಂಶದ ಸಾಲಿಗೆ ಬಂದು ನಿಂತ. ಬ್ರಾನ್ವಿನ್ ಹೇಳಿದಳು, "ಏನು, ನಾನೇ ಬರ್ಕೊಡ್ಲಾ? ಆಗಿಲ್ಲ ಅಂತ ನನಗೆ ಗೊತ್ತಿಲ್ವಾ? ಬೇಕರಿಲಿ ಸುಟ್ಟ ಬ್ರೆಡ್ಡನ್ನ ಚೆನ್ನಾಗಿದೆ ಅಂದ್ರೆ ಯಾರಾದ್ರೂ ಕೊಳ್ತಾರಾ?"

"ಇದು ಚಾಡಿ ಅಲ್ವಾ ಹಾಗಾದ್ರೆ?" ಎಂದ ಆಲ್ಬಿ. ಅವನು ಅದನ್ನು ನಿಜವಾಗಿಯೇ ಕೇಳಿದ.

"ಮುಖದ ಮೇಲೆ ಹೇಳಿದ್ರೆ ಅದು ಚಾಡಿ ಹೇಗಾಗತ್ತೆ? ಅದು ಬೈಗುಳ. ಬೈಗುಳ ನೀನು ದಿನಾ ಬೈತೀಯ."

ಆಲ್ಬಿ "ಇನ್ನೂ ಸಮರ್ಥರಲ್ಲ" ಎಂದು ಬರೆದ. ಅಕ್ಷರಗಳು ದೊಡ್ಡವಾಗಿದ್ದವು. ಹಾಳೆಯ ಅಂಚಿನಲ್ಲಿ, ಖಾಲಿಯಿದ್ದ ಕಡೆ, ಪೆನ್ನನ್ನು ಅಡ್ಡ ತಿರುಗಿಸಿ "ಗುರುವಾರ ಮತ್ತೆ" ಎಂದು ಸೇರಿಸಿದ. ಇಬ್ಬರೂ ಸಹಿ ಹಾಕಿದರು. ಬ್ರಾನ್ವಿನ್ ಎದ್ದು ಹೋಗಿ ಕೇಕಿನ ದೊಡ್ಡ ಚೂರನ್ನು ತೆಗೆದುಕೊಂಡಳು.

ಮಿಸ್ ಹ್ವಿನ್ ಹಾಳೆಯನ್ನು ಓದಿ, ತಿರುಗಿಸಿ ಹಿಂಬದಿಯನ್ನು ನೋಡಿ, ಮತ್ತೆ ಅಂಚಿನ ಬರಹಕ್ಕೆ ಬಂದರು.

"ಈ ನಮೂನೆ ಯಾರು ಮಾಡಿದ್ದು?"

"ನಾನು," ಎಂದೆ. ಸಂಜೆ ತರಗತಿಯ ಕೊನೆಯ ವರ್ಷದಲ್ಲಿ ಅದನ್ನು ರೂಪಿಸಿದ್ದೆ. ನನ್ನ ಅಧ್ಯಾಪಕರು ಅದನ್ನು ತರಗತಿಗೆ ತೋರಿಸಿದ್ದರು.

"ಹೌದಾ," ಎಂದು ಅವರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾನು ಅದನ್ನು ಮೆಚ್ಚುಗೆಯೆಂದು ತಿಳಿದೆ.

ಅಕ್ಟೋಬರಿನಲ್ಲಿ ಉತ್ತರ ಬಂತು. ಲಕೋಟೆಯಲ್ಲಿ ಎರಡು ಪುಟಗಳಿದ್ದವು. ನಾನು ಕಚೇರಿಯಲ್ಲಿರಲಿಲ್ಲ, ತನ್ನ ವಿಷಯವೆಂದು ಆಲ್ಬಿಯೇ ಒಡೆದು ಓದಿದ್ದ. ನಾನು ಬಂದಾಗ ಬಾಗಿಲ ಹತ್ತಿರ ಟೋಪಿ ಹಿಡಿದು ನಿಂತಿದ್ದ.

"ಉಳ್ಕೊಂಡ್ವಿ," ಎಂದ. "ಪರೀಕ್ಷಕರ ತೀರ್ಮಾನ ನ್ಯಾಯವಾಗಿತ್ತು, ಕಲಿಯುವವರಿಗೆ ಎದುರಿಗೇ ವಿವರಿಸಿದ್ರು ಅಂತೆಲ್ಲ ಬರೆದಿದಾಳೆ. ಕುರಿ ವಿಭಾಗ ಇರತ್ತೆ."

"ಒಳ್ಳೇದು. ಎರಡನೇ ಪುಟದಲ್ಲಿ ಏನಿದೆ?"

"ಓದಿಲ್ಲ."

"ಯಾಕೆ ಓದಿಲ್ಲ?"

"ಮೇಲುಗಡೇನೇ ನಿನ್ನ ಹೆಸರಿತ್ತು," ಎಂದ. "ಮುಚ್ಚಿಬಿಟ್ಟೆ."

ಎರಡನೆಯ ಪುಟವನ್ನು ನಾನು ನಿಂತುಕೊಂಡೇ ಓದಿದೆ. ಒಂದು ಲೋಪ ಕಂಡುಬಂದಿದೆ. ಪರೀಕ್ಷಾ ನಮೂನೆಯಲ್ಲಿ ಫಲಿತಾಂಶಕ್ಕೆ ಒಂದೇ ಸಾಲು ಇದ್ದು, ಮೊದಲ ಯತ್ನ ವಿಫಲವಾದರೆ ಎರಡನೆಯದನ್ನು ದಾಖಲಿಸಲು ಸ್ಥಳವಿಲ್ಲ. ಎಲ್ಲರೂ ಮೊದಲ ಸಲಕ್ಕೇ ಸಮರ್ಥರಾದಂತೆ ಹನ್ನೊಂದು ವರ್ಷ ಕಾಣಿಸಿದ್ದಕ್ಕೆ ಇದೂ ಕಾರಣ. ಜವಾಬ್ದಾರರು: ಐ. ನೋಸ್ಕೆ. ಇಪ್ಪತ್ತು ಕೆಲಸದ ದಿನಗಳೊಳಗೆ ಸರಿಪಡಿಸತಕ್ಕದ್ದು.

ಅದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವನು ನೆಲವನ್ನು ನೋಡುತ್ತ ನಿಂತ.

"ನಿನಗೆ ಗೊತ್ತಿತ್ತಾ?" ಎಂದೆ.

"ಮೊದಲನೇ ವರ್ಷಾನೇ ಗೊತ್ತಾಯ್ತು. ಒಂದು ಸಲ ಬರೆಯೋಣ ಅಂತ ಕೂತೆ. ಬರೆದ್ರೆ ಮುಂದಿನ ಗುರುವಾರದ್ದಕ್ಕೆ ಜಾಗ ಇಲ್ಲ. ಸರಿ ಬಿಡು, ದೇವರೇ ಬೇಡ ಅಂತಿದಾನೆ ಅಂದ್ಕೊಂಡೆ."

"ಮೇ ತಿಂಗಳಲ್ಲಿ ಪತ್ರ ಬಂದಾಗಲಾದ್ರೂ ಹೇಳಬಹುದಿತ್ತಲ್ಲ! ತಪ್ಪು ನಿಂದಲ್ಲ, ಹಾಳೇದು ಅಂತ ಒಂದು ಸಾಲು ಬರೆದಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ."

"ಬರೆದಿದ್ರೆ ನಿನ್ನ ಹೆಸರು ಬರ್ತಿತ್ತು."

"ಈಗಲೂ ಬಂತಲ್ಲ ಆಲ್ಬಿ."

"ಬಂತು," ಎಂದ. "ನಾನು ಬರೆದಿದ್ದಲ್ಲ."

ಅವನು ಟೋಪಿ ಹಾಕಿಕೊಂಡು ಶೆಡ್ಡಿಗೆ ಹೋದ. ನಾನು ಅಂದೇ ಕುಳಿತು ಹೊಸ ನಮೂನೆಯನ್ನು ಮಾಡತೊಡಗಿದೆ. ಇಪ್ಪತ್ತು ದಿನ ಕೊಟ್ಟಿದ್ದರು, ನನಗೆ ಆರು ಸಾಕಾದವು. ಕಳುಹಿಸುವ ಮೊದಲು ಅದನ್ನು ಅವನ ಕೈಗೆ ಕೊಟ್ಟು, ತಪ್ಪಿದ್ದರೆ ನನ್ನ ಮುಖಕ್ಕೇ ಹೇಳು ಎಂದೆ. ಅವನು ಒಂದು ಮಧ್ಯಾಹ್ನವೆಲ್ಲ ಅದನ್ನು ನೋಡಿ, ಎರಡು ತಪ್ಪುಗಳನ್ನು ತೋರಿಸಿದ. ಅವುಗಳಲ್ಲಿ ಒಂದು ನಿಜವಾಗಿಯೂ ತಪ್ಪಾಗಿತ್ತು.